ಬ್ಯಾಂಕಾಕಿನಿಂದ ಬಂದ ಅಕ್ಕನಿಗೆ ಅಪ್ಪ ಇಟ್ಟ ಚಹಾ ಮೀಟಿಂಗು

ಅಕ್ಕ ಬ್ಯಾಂಕಾಕಿಗೆ ಹೊರಟಿದ್ದಾಳೆ ಎಂದು ಕೇಳಿದ್ದೇ ತಡ, ಅಪ್ಪ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದುಬಿಟ್ಟರು.

“ಬ್ಯಾಂಕಾಕಿಗೆ ಯಾರಾದ್ರೂ ಮೀಟಿಂಗ್ ಮಾಡಾಕ ಹೋಗತಾರೇನು? ಅದೂ ಜನರ ರೊಕ್ಕದಾಗ!”

ನಮ್ಮ ಜೊತೆಯಲ್ಲೇ ಇರುವ ಅಕ್ಕ ಇಲ್ಲೇ ಹೈದರಾಬಾದಿನಲ್ಲಿ ಸರ್ಕಾರಿ ಹೆಲ್ತ್ ಆಫೀಸರ್. ಬಿಸಿಲಿನಲ್ಲಿ ದುಡಿಯುವವರ ಆರೋಗ್ಯದ ಬಗ್ಗೆ ಅಲ್ಲೊಂದು ಕಾನ್ಫರೆನ್ಸ್, ಇಲಾಖೆಯಿಂದ ಇವಳನ್ನು ಕಳಿಸುತ್ತಿದ್ದರು. ನನಗಂತೂ ಖುಷಿಯೋ ಖುಷಿ... ಒಂದು ಬ್ಯಾಗ್ ತರಲು ಆಗಲೇ ಹೇಳಿಯೂ ಆಗಿತ್ತು.

ಅಪ್ಪನ ಕಥೆಯೇ ಬೇರೆ. ರಾಯಚೂರು ಕಡೆಯಿಂದ ಬಂದು, ಇಲ್ಲಿನ ಕೇಂದ್ರ ಸರ್ಕಾರದ ಫ್ಯಾಕ್ಟರಿಯೊಂದರಲ್ಲಿ ದುಡಿದು ರಿಟೈರ್ ಆದವರು. ತಪ್ಪಿ ಅವರ ಜೇಬಿನಲ್ಲಿ ಬಂದ ಫ್ಯಾಕ್ಟರಿ ಪೆನ್ಸಿಲಿನಲ್ಲಿ ನಾನು ಹೋಮ್‌ವರ್ಕ್ ಮಾಡುತ್ತಿದ್ದಾಗ ಸರ್ಕಾರದ್ದೆಂದು ಕೈಯಿಂದ ಕಿತ್ತುಕೊಂಡ ಮಹಾನುಭಾವರು.

ಹೊರಡುವ ದಿನ ಅವ್ವ ಅಕ್ಕನ ಕೈಗೆ ಮೊಸರು-ಸಕ್ಕರೆ ಹಾಕಿದಳು. ಕಾಲಿಗೆ ಬಿದ್ದಾಗ ಅಪ್ಪ ತಲೆ ಮುಟ್ಟಿದರು, ಆದರೆ “ಹೋಗಿ ಬಾ” ಎನ್ನಲಿಲ್ಲ.

ನಮ್ಮ ಮನೆಯಲ್ಲಿ ಮೆಟ್ರೋ ಹತ್ತಿ ಇದೇ ಊರಿನ ದಿಲ್‌ಸುಖ್‌ನಗರಕ್ಕೆ ಹೋಗುವವರಿಗೂ ಅಪ್ಪ ಗೇಟಿಗೆ ಬಂದು ಆ ಮಾತು ಹೇಳುತ್ತಾರೆ. ಅಕ್ಕ ಕ್ಯಾಬಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನೋಡಿ ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ನಿಜಕ್ಕೂ ಬಂತು.

ಶನಿವಾರ ವಾಪಸ್ ಬಂದಳು. ಅವ್ವನಿಗೆ ಛತ್ರಿ, ನನಗೆ ಬ್ಯಾಗು. ಸ್ವಂತ ದುಡ್ಡಿನಲ್ಲಿ ಅಪ್ಪನಿಗೆ ತಂದ ಚಪ್ಪಲಿಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

“ನಾಳೆ ಚಹಾದ ಹೊತ್ತಿಗೆ ರೆಡಿ ಇರು. ಅಲ್ಲಿ ಏನ್ ಕಲ್ತು ಬಂದಿ, ನಿಂತು ಹೇಳು.”

ಇದು ಅವರ ಫ್ಯಾಕ್ಟರಿಯ ರಿವಾಜು. ಟ್ರೇನಿಂಗಿಗೆಂದು ಹೊರಗೆ ಹೋಗಿ ಬಂದವರು ಯಾರೇ ಆಗಲಿ, ಮರುದಿನ ಟೀ ಬ್ರೇಕಿನಲ್ಲಿ ಮಷಿನ್‌ಗಳ ನಡುವೆ ನಿಂತು ಕಲಿತದ್ದನ್ನು ಎಲ್ಲರಿಗೂ ಹೇಳಬೇಕು. ತಡವರಿಸಿದರೆ, ಇವನು ತಿರುಗಾಡಲು ಹೋಗಿದ್ದ ಎಂದು ರಿಟೈರ್ ಆಗುವವರೆಗೂ ಕಾಡಿಸುತ್ತಿದ್ದರಂತೆ.

ಸರಿ, ಮನೆಯವರ ಮುಂದೆ ತಾನೇ ಎಂದುಕೊಂಡೆವು. ಎಲ್ಲಿಯ ಮಾತು! ಅಪ್ಪ ಪಕ್ಕದ ಸೈಟಿನ ಕೂಲಿಯವರನ್ನೆಲ್ಲ ಚಹಾಕ್ಕೆ ಕರೆದುಬಿಟ್ಟಿದ್ದರು.

ಮಿಯಾಪುರದ ನಮ್ಮ ಗಲ್ಲಿಯಲ್ಲಿ, ಮನೆಯ ಪಕ್ಕಕ್ಕೇ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ. ಕೆಲಸದವರೆಲ್ಲ ರಾಯಚೂರು, ಯಾದಗಿರಿ ಕಡೆಯವರು. ಅಪ್ಪನಿಗೆ ಕನ್ನಡ ಮಾತಾಡಲು ಸಿಕ್ಕ ಬಳಗ.

ಬೇಸಿಗೆ ಬಂತೆಂದರೆ ಅವರಿಗಾಗಿ ಗೇಟಿನ ಹೊರಗೆ ಮಣ್ಣಿನ ಕೊಡದಲ್ಲಿ ನೀರಿಡುತ್ತಾರೆ. ಮನೆಗೆ ಬಂದವರಿಗೆಲ್ಲ ಮೊದಲು ಆ ಕೊಡವನ್ನೇ ತೋರಿಸುವುದು, ಅಷ್ಟು ಹೆಮ್ಮೆ.

“ಬೀಡಿ, ಕಡ್ಡಿಪೆಟ್ಟಿಗಿ ಕೊಂಡ್ರೂ ಇವರು ಟ್ಯಾಕ್ಸ್ ಕಟ್ಟತಾರ. ನಿನ್ನ ಟಿಕೆಟಿನ್ಯಾಗ ಇವರ ರೊಕ್ಕನೂ ಐತಿ. ಇವರಿಗೆ ಹೇಳು,” ಎಂದರು ಅಪ್ಪ.

ಅಕ್ಕ ಕಕ್ಕಾಬಿಕ್ಕಿ. ಆಫೀಸಿನಲ್ಲಿ ತೆಲುಗು, ಇಂಗ್ಲಿಷಿನಲ್ಲಿ ಸ್ಲೈಡ್ ತೋರಿಸಿ ಮಾತಾಡಿ ರೂಢಿ ಇರುವವಳು ಏನೇನೋ ಶುರು ಮಾಡಿದಳು. ಜನ ಪಾಪ, ಮರ್ಯಾದೆಗೆ ತಲೆ ಆಡಿಸುತ್ತಾ ಚಹಾ ಕುಡಿದರು.

ಆಮೇಲೆ ಅಕ್ಕ ಅದನ್ನು ಅಲ್ಲಿಗೇ ಬಿಟ್ಟು ಹೆಂಗಸರ ಕಡೆ ತಿರುಗಿ, “ಈ ಕೊಡದಾಗಿನ ನೀರು ನೀವು ಕುಡೀತೀರೇನ್ರಿ?” ಎಂದು ಕೇಳಿದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೆರಗು ಬಾಯಿಗಿಟ್ಟು ನಕ್ಕರು.

ಅಕ್ಕನೇ ಮುಂದುವರಿಸಿದಳು. ಕಾನ್ಫರೆನ್ಸಿನಲ್ಲಿ ಬೇರೆ ದೇಶದ ನರ್ಸ್ ಒಬ್ಬಳು ಹೇಳಿದ್ದಳಂತೆ: ಸೈಟಿನಲ್ಲಿ ಎಷ್ಟೇ ನೀರಿಡಿ, ಪಾಯಖಾನೆ ಇಲ್ಲದಿದ್ದರೆ ಹೆಂಗಸರು ಅದನ್ನು ಮುಟ್ಟುವುದಿಲ್ಲ.

“ಖರೇ ಐತ್ರೀ ಅಕ್ಕಾರ,” ಎಂದಳು ಗಾರೆ ಹೊರುವ ಹುಲಿಗೆಮ್ಮ. “ಮುಂಜಾನಿ ಕುಡದ್ರ ಮತ್ತ ಸಂಜಿಗೇರಿ. ಉರಿಮೂತ್ರ ಆಗಿ ಮೊನ್ನೆ ಒಬ್ಬಾಕಿ ಊರಿಗೇ ಹ್ವಾದ್ಲು. ನಿಮ್ಮಪ್ಪಾರು ಬ್ಯಾಸರ ಮಾಡ್ಕೋಬಾರ್ದಂತ ನಿಮ್ಮ ನೀರಾಗ ಮುಖ ತೊಳಕೊಂಡು ಹೋಗತೀವ್ರಿ.”

ಅಪ್ಪನ ಮುಖ ನೋಡಲಾಗಲಿಲ್ಲ. ದಿನಾ ತಾವೇ ಕೊಡ ತೊಳೆದು ತುಂಬಿದವರು...

ಆದರೂ ಹಟ ಬಿಡಬೇಕಲ್ಲ! “ಇದನ್ನ ಫೋನಿನ್ಯಾಗ ಓದಾಕ ಬರತಿದ್ದಿಲ್ಲೇನು? ಇಷ್ಟಕ್ಕ ವಿಮಾನ ಹತ್ತಬೇಕಿತ್ತೇನು?”

“ಓದಿದ್ದೆ ಅಪ್ಪ. ಓದಿ ಮರ್ತಿದ್ದೆ,” ಎಂದಳು ಅಕ್ಕ. “ಆಕಿ ಎದುರಿಗೆ ನಿಂತು ಹೇಳಿದಾಗ ಇವರ ಮುಖ ಕಣ್ಣಮುಂದ ಬಂತು. ಬಾಜೂಕ ಇರೋರನ್ನ ನಾ ಒಂದಿನಾನೂ ಕೇಳಿದ್ದಿಲ್ಲ.”

ಅಪ್ಪ ಎದ್ದು ಒಳಗೆ ಹೋದರು. ಮತ್ತೆ ಮುನಿಸು ಎಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಬೀಗದ ಕೈ ಇತ್ತು.

ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಒಂದು ಪಾಯಖಾನೆ ಇದೆ. ಅಪ್ಪ ಅದರಲ್ಲಿ ಹಳೇ ಪೈಪು, ಪೇಂಟಿನ ಡಬ್ಬಿ ತುಂಬಿ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಸಂಜೆಯೊಳಗೆ ಆ ಸಾಮಾನೆಲ್ಲ ನಮ್ಮ ನಡುಮನೆಗೆ ಬಂತು. ಅವ್ವನ ಬೈಗುಳ ಇನ್ನೂ ನಿಂತಿಲ್ಲ.

ಈಗ ಆ ಕೀಲಿ ಹುಲಿಗೆಮ್ಮನ ಸೊಂಟದಲ್ಲಿದೆ. ಅಪ್ಪ ಕೊಡವನ್ನು ಮತ್ತೆ ಮತ್ತೆ ತುಂಬುತ್ತಾರೆ. “ಖಾಲಿ ಆಗಾಕತ್ತೈತಿ ನೋಡು!” ಎಂದು ನನ್ನನ್ನು ಕರೆದು ತೋರಿಸುತ್ತಾರೆ.

ಅಕ್ಕ ತನ್ನ ಏರಿಯಾದ ಎಲ್ಲ ಸೈಟುಗಳಲ್ಲೂ ಹೆಂಗಸರಿಗೆ ಪಾಯಖಾನೆ ಇರಲೇಬೇಕೆಂದು ಆಫೀಸಿನಲ್ಲಿ ಓಡಾಡುತ್ತಿದ್ದಾಳೆ. ಆಗುತ್ತದೋ ಇಲ್ಲವೋ, ದೇವರಿಗೇ ಗೊತ್ತು. ಅವಳು ಮನೆಗೆ ಬಂದ ಕೂಡಲೇ ಅಪ್ಪ “ಏನಾತು?” ಎಂದು ಕೇಳುತ್ತಾರೆ.

ನಿನ್ನೆ ಬೆಳಿಗ್ಗೆ ಇದೇ ವಿಷಯಕ್ಕೆ ದೊಡ್ಡ ಸಾಹೇಬರನ್ನು ಕಾಣಲು ಹೊರಟಿದ್ದಳು. ಅಪ್ಪ ಹೊಸ ಚಪ್ಪಲಿ ಮೆಟ್ಟಿಕೊಂಡು, ಹೌದು, ಅದೇ ಬ್ಯಾಂಕಾಕ್ ಚಪ್ಪಲಿ, ಗೇಟಿನವರೆಗೂ ಬಂದರು.

“ಹೋಗಿ ಬಾರವ್ವ.”

ಅಕ್ಕ ಅಲ್ಲೇ ಅತ್ತುಬಿಟ್ಟಳು. ನಾನೂ.

ನಿಮ್ಮೂರಿನ ಸಾಹೇಬರು ಇಂಥ ಮೀಟಿಂಗಿಗೆ ಹೋಗಿ ಬಂದಾಗ, ಗೇಟಿನ ಹೊರಗಿನವರನ್ನು ಚಹಾಕ್ಕೆ ಕರೆದು ಹೇಳಿಸುವ ಒಬ್ಬ ಅಪ್ಪ ಅವರ ಮನೆಯಲ್ಲಿ ಇದ್ದಾರಾ?