ಕತ್ತಲೆ ಸರ್ ಮತ್ತು ಬಿಳಿ ಪರದೆ

ಆಫೀಸಿನಲ್ಲಿ ಎಲ್ಲರೂ ಅವನನ್ನು ‘ಕತ್ತಲೆ ಸರ್’ ಎಂದೇ ಕರೆಯುತ್ತಿದ್ದರು. ಪ್ರೋಗ್ರಾಂ ಬರೆಯುವವರು ದಿನವಿಡೀ ದಿಟ್ಟಿಸುವ ಎಡಿಟರ್ ಎಂಬ ತಂತ್ರಾಂಶಕ್ಕೆ ಅವನು ಹೊಂದಿಸಿಕೊಟ್ಟ ಕಪ್ಪು ಬಣ್ಣಗಳು ಅಷ್ಟು ಹೆಸರು ಮಾಡಿದ್ದವು. ಕಪ್ಪೆಂದರೆ ಬರೀ ಕಪ್ಪಲ್ಲ. ಇದ್ದಿಲಿಗೆ ಒಂದು ತೊಟ್ಟು ನೀಲಿ ಬೆರೆಸಿದಂಥದ್ದು. ಅದರ ಮೇಲೆ ತಿಳಿಹಳದಿ, ಎಳೆಹಸಿರು ಅಕ್ಷರಗಳು, ಟಿಪ್ಪಣಿಗಳಿಗೆ ಬೂದುಬಣ್ಣ. ಬಿಳಿ ಪರದೆ ಬಳಸುವವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಅಂಥವರು ಲೆಕ್ಕಪತ್ರ ವಿಭಾಗಕ್ಕೇ ಸರಿ ಎನ್ನುತ್ತಿದ್ದ.

ನಲವತ್ತು ದಾಟಿದ ಮೇಲೆ ಅದೇ ಅಕ್ಷರಗಳು ಕೈಕೊಡತೊಡಗಿದವು. ಹಳದಿಯ ಸುತ್ತ ಮಂಜು. ಚುಕ್ಕೆ ಯಾವುದು, ಅಲ್ಪವಿರಾಮ ಯಾವುದು ಎಂದು ಮೂಗು ತಾಗಿಸಿ ನೋಡಬೇಕು. ಮೊದಲು ಮಾನಿಟರನ್ನು ಬೈದ, ಆಮೇಲೆ ಕಿಟಕಿಯ ಬೆಳಕನ್ನು. ಬೈಯಲು ಇನ್ನೇನೂ ಉಳಿಯದಾದಾಗ ಕಣ್ಣಿನ ಡಾಕ್ಟರಾಗಿದ್ದ ಅಕ್ಕನ ಬಳಿ ಹೋದ.

ಅಕ್ಕ ಪರೀಕ್ಷೆ ಮಾಡಿ, ಕಣ್ಣಿನ ಗುಂಡಗಿನ ಮೈ ತುಸು ಸೊಟ್ಟಗಿದೆ, ಕಪ್ಪು ಪರದೆ ನೋಡುವಾಗ ಪಾಪೆ ಅಗಲವಾಗಿ ತೆರೆದು ಅಕ್ಷರ ಹರಡಿಕೊಳ್ಳುತ್ತದೆ ಎಂದು ವಿವರಿಸಿದಳು.

“ಕಪ್ಪು ನಿನಗೆ ಆಗಿಬರಲ್ಲ ಕಣೋ. ಬಿಳಿಗೆ ಬದಲಾಯಿಸ್ಕೋ.”

“ಆ ಕಪ್ಪನ್ನ ಮಾಡಿದ್ದೇ ನಾನು, ಅಕ್ಕ.”

“ಮಾಡಿದ್ದು ನೀನೇ ಅಂತ ಕಣ್ಣಿಗೇನು ಗೊತ್ತಾಗುತ್ತೆ?” ಎಂದು ಅವಳು ಕನ್ನಡಕದ ಚೀಟಿ ಬರೆದಳು.

ಅಂದಿನಿಂದ ಅವನು ಕದ್ದುಮುಚ್ಚಿ ಬಿಳಿ ಪರದೆಗೆ ಬಣ್ಣ ಹೊಂದಿಸತೊಡಗಿದ. ಅಚ್ಚುಮೆಚ್ಚಿನ ಹಳದಿ ಬಿಳಿಯ ಮೇಲೆ ಮಾಯವೇ ಆಯಿತು. ಅದನ್ನು ತುಕ್ಕಿನಂಥ ಕಂದುಬಣ್ಣಕ್ಕೆ ಇಳಿಸಿದ. ಹಿನ್ನೆಲೆ ಕಣ್ಣು ಚುಚ್ಚದಂತೆ ಬಿಳುಪುಗೊಳಿಸದ ಹತ್ತಿಬಟ್ಟೆಯ ಬಣ್ಣಕ್ಕೆ ತಂದ. ಯಾರಾದರೂ ಹತ್ತಿರ ಬಂದರೆ ಒಂದು ಕೀ ಒತ್ತಿ ಪರದೆಯನ್ನು ಕಪ್ಪಾಗಿಸುತ್ತಿದ್ದ. ಮನೆಯಲ್ಲೂ ಹೀಗೇ ಮಾಡುವುದನ್ನು ಕಂಡ ಹೆಂಡತಿ ಏನೇನೋ ಊಹಿಸಿ ಮಾತು ಬಿಟ್ಟಳು. ನಿಜ ತಿಳಿದ ಮೇಲೆ, ಇಷ್ಟಕ್ಕೇ ಇಷ್ಟು ದಿನ ಸಿಟ್ಟು ದಂಡಮಾಡಿಕೊಂಡೆನಲ್ಲ ಎಂದು ಇನ್ನಷ್ಟು ಬೇಸರಪಟ್ಟಳು.

ಹೀಗಿರುವಾಗ, ಪ್ರೋಗ್ರಾಂ ಬರೆಯುವವರ ದೊಡ್ಡ ಸಮ್ಮೇಳನದಲ್ಲಿ ಕಪ್ಪು ಪರದೆಯ ಬಗ್ಗೆ ಮಾತಾಡಲು ಕರೆ ಬಂತು. ವೇದಿಕೆ ಹತ್ತಿ ಲ್ಯಾಪ್‌ಟಾಪ್ ಜೋಡಿಸಿದ. ಕೀ ಒತ್ತುವುದು ಮರೆತೇಹೋಗಿತ್ತು. ಸಭಾಂಗಣವೆಲ್ಲ ಬೆಳ್ಳಗೆ ಬೆಳಗಿತು.

ಬೆವರೊರೆಸಿಕೊಂಡು ಅವನು ಇದ್ದದ್ದನ್ನು ಇದ್ದಹಾಗೆ ಹೇಳಿದ: “ನಾನು ಓದೋದು ಇದರಲ್ಲೇ.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಷ್ಟು ಚೆಂದದ ತಮಾಷೆಯಿಂದ ಯಾರೂ ಭಾಷಣ ಶುರುಮಾಡಿರಲಿಲ್ಲವಂತೆ. ಇನ್ನೊಮ್ಮೆ ಹೇಳುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಕೀ ಒತ್ತಿ, ಕತ್ತಲೆಯನ್ನು ಹೊಗಳಿ, ಚಪ್ಪಾಳೆ ಗಿಟ್ಟಿಸಿಕೊಂಡು ಇಳಿದ.

ಹೊರಗೆ ಮೆಟ್ಟಿಲ ಬಳಿ ಒಬ್ಬ ಅವನನ್ನು ಪಕ್ಕಕ್ಕೆ ಕರೆದ. “ಸರ್, ಆ ಬಿಳೀದು ಸಿಗುತ್ತಾ? ನಮ್ಮ ಮಾವನಿಗೆ ಬೇಕಿತ್ತು.”

“ನಿಮ್ಮ ಮಾವ ಪ್ರೋಗ್ರಾಂ ಬರೀತಾರಾ?”

“ಇಲ್ಲ ಸರ್.”

ಅವನು ಅಲ್ಲೇ ಲ್ಯಾಪ್‌ಟಾಪ್ ತೆರೆದು ಆ ಬಿಳಿ ಬಣ್ಣಗಳನ್ನು ಕಳಿಸಿಕೊಟ್ಟ. ಆ ಸಂಜೆ ಇನ್ನೂ ಹಲವರು ಬಂದರು, ಒಬ್ಬೊಬ್ಬರಾಗಿ, ಅತ್ತಿತ್ತ ನೋಡಿಕೊಂಡು. ಮುಂದಿನ ವಾರ ಅವನ ಮೇಲಧಿಕಾರಿಯೇ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕೂತರು. ಸುಮಾರು ಹೊತ್ತು ಹವೆಯ ವಿಚಾರ ಮಾತಾಡಿ, ಕೊನೆಗೆ ತಮ್ಮ ಮಾವನಿಗೂ ಈಚೆಗೆ ಕಣ್ಣು ಮಂಜಂತೆ ಎಂದರು.