ಕಡಲ್ಗಳ್ಳರ ಕಟ್ಟಳೆ

ಕಡಲ್ಗಳ್ಳರ ಕಥೆ ಓದುವಾಗ ಎಲ್ಲರೂ ಕತ್ತಿವರಸೆಯ ಪುಟಕ್ಕಾಗಿ ಹಾತೊರೆದರೆ, ನನ್ನ ಕಣ್ಣು ಮಾತ್ರ ಅವರ ಕಟ್ಟಳೆಗಳ ಪುಟದಲ್ಲಿ ಗೂಟ ಹೊಡೆದುಕೊಂಡು ಕೂತುಬಿಡುತ್ತದೆ. ಹಡಗಿನ ಮೇಲೆ ಜಗಳ ಕೂಡದು, ಇದ್ದರೆ ದಡ ಮುಟ್ಟಿದ ಮೇಲೆ ತೀರಿಸಿಕೊಳ್ಳಬೇಕು. ನಾಯಕನನ್ನು ಕೈಯೆತ್ತಿ ಆರಿಸಬೇಕು. ಜೊತೆಗಾರನ ಗಂಟಿಗೆ ಕೈಹಾಕಿದವನನ್ನು ಒಂದು ಹೂಜಿ ನೀರಿನೊಂದಿಗೆ ನಿರ್ಜನ ದ್ವೀಪದಲ್ಲಿ ಇಳಿಸಿಬಿಡಬೇಕು. ಲೋಕವನ್ನೆಲ್ಲ ದೋಚುವ ಈ ಮಹಾನುಭಾವರು ತಮ್ಮತಮ್ಮೊಳಗೆ ಇಷ್ಟೊಂದು ಸಭ್ಯಸ್ಥರಾಗಿರುವುದನ್ನು ಕಂಡರೆ ನನಗೆ ನಗುವೂ ಬರುತ್ತದೆ, ಏಕೋ ಏನೋ, ಸಮಾಧಾನವೂ ಆಗುತ್ತದೆ.

ಓದಿ ಸುಮ್ಮನಿದ್ದರೆ ಚೆನ್ನಾಗಿತ್ತು. ಹಾವೇರಿಯ ನನ್ನ ಬಟ್ಟೆ ಅಂಗಡಿಗೆ ಮಧ್ಯಾಹ್ನದ ಹೊತ್ತು ಗಿರಾಕಿಗಳಿಗಿಂತ ನೊಣಗಳ ಭೇಟಿಯೇ ಹೆಚ್ಚು. ಆ ವಿರಾಮದಲ್ಲಿ ನಾನೂ ಒಂದು ಕಡಲ್ಗಳ್ಳರ ಕಾದಂಬರಿ ಬರೆಯತೊಡಗಿದೆ. ಸಮುದ್ರವನ್ನು ಕಂಡವನಲ್ಲ. ಮೇಡ್ಲೇರಿಯ ಹತ್ತಿರ ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು, ದಂಡೆಯ ಬೇವಿನಮರವನ್ನು ಎರಡೂ ಕೈಯಿಂದ ತಬ್ಬಿಕೊಂಡು ನೋಡಿದ್ದಷ್ಟೇ ನನ್ನ ಜಲಾನುಭವದ ಸರ್ವಸ್ವ. ಆದರೂ ಒಂದೂವರೆ ವರ್ಷದಲ್ಲಿ ಮೂರು ನೋಟುಬುಕ್ಕು ತುಂಬಿದವು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ನಾಳೆ ಎಂದು ನಾನು ಹೇಳುತ್ತಲೇ ಇದ್ದೆ.

ಆ ಮೂರನ್ನೂ ಮೊದಲು ಓದಿದವನು ರಾಣೇಬೆನ್ನೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ನನ್ನ ಗೆಳೆಯ ಮೌಲಾಸಾಬ. ಅವನ ಅಭಿಪ್ರಾಯ ಕೇಳಲು ಹೋದ ವಾರ ಹೋಗಿದ್ದೆ. ಭೂತಗನ್ನಡಿಯನ್ನು ಹಣೆಗೇರಿಸಿ ತೀರ್ಪು ಕೊಟ್ಟ: “ಎಲ್ಲಾ ಚಲೋ ಐತಿ. ಆ ಕಟ್ಟಳಿ ಅಧ್ಯಾಯ ಮಾತ್ರ ಶುದ್ಧ ಸುಳ್ಳ. ಕೇಳಾಂವ ಯಾರೂ ಇಲ್ಲಂದ್ರ ಯಾವ ಕಳ್ಳ ನಿಯಮ ಪಾಲಿಸ್ತಾನಪಾ? ಹರದ ಒಗಿ!”

ನನಗೆ ಕೆಂಡದಂಥ ಸಿಟ್ಟು ಬಂತು. ಒಳಗೊಳಗೇ ನನಗೂ ಅದೇ ಅನುಮಾನವಿದ್ದದ್ದರಿಂದ ಸಿಟ್ಟು ಇನ್ನಷ್ಟು ಉರಿಯಿತು.

ನೋಟುಬುಕ್ಕುಗಳನ್ನು ವಾಪಸ್ಸು ಇಸಿದುಕೊಂಡು, ಮುಖ ಗಂಟಿಕ್ಕಿಕೊಂಡೇ ಬಸ್‌ಸ್ಟ್ಯಾಂಡಿಗೆ ಬಂದೆ. ಕಳಿಸಿಕೊಡಲು ಅವನೂ ಸ್ಕೂಟರ್ ತಂದ. ನಮ್ಮ ಕಡೆ ಬಸ್ಸು ಹತ್ತುವುದೆಂದರೆ ಗೊತ್ತಲ್ಲ, ಬಾಗಿಲಲ್ಲಿ ಮೊಣಕೈಯೇ ಆಯುಧ. ಆದರೆ ಸೀಟು ಮಾತ್ರ ಮೊದಲು ಹತ್ತಿದವನದಲ್ಲ, ಕಿಟಕಿಯಿಂದ ಟವೆಲ್ಲೋ ಚೀಲವೋ ಒಗೆದವನದು. ಬಸ್ಸು ಬಂದು ನಿಂತದ್ದೇ ತಡ, ನೋಟುಬುಕ್ಕುಗಳಿದ್ದ ಬಟ್ಟೆಚೀಲವನ್ನು ಮೂರನೇ ಕಿಟಕಿಯಿಂದ ಒಳಗೆ ತೂರಿಸಿ ಬಾಗಿಲಿಗೆ ಓಡಿದೆ. ಜನ ನನ್ನನ್ನು ಹಿಂದಕ್ಕೆ ದಬ್ಬಿದರು. ಆಗ ಬೋರ್ಡು ಕಂಡಿತು: ಕದರಮಂಡಲಗಿ! ನನಗೆ ಬೇಕಾದದ್ದು ಹಾವೇರಿ ಬಸ್ಸು. ಅಯ್ಯಯ್ಯೋ ಎನ್ನುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು, ಕಾದಂಬರಿ ಒಳಗೆ, ಕಾದಂಬರಿಕಾರ ಹೊರಗೆ.

ಮೌಲಾಸಾಬ ಬೈಯುತ್ತಲೇ ಸ್ಕೂಟರ್ ಒದ್ದ. ದಾರಿಯುದ್ದಕ್ಕೂ ನನ್ನ ಕಲ್ಪನಾಶಕ್ತಿ ಹಿಂದೆಂದೂ ಇಲ್ಲದಷ್ಟು ಚುರುಕಾಗಿತ್ತು: ಯಾರೋ ಚೀಲವನ್ನು ಹೊರಗೆಸೆದು ಕೂತಿದ್ದಾರೆ, ನನ್ನ ನಾಯಕ ಯಾವುದೋ ಹೋಟೆಲಿನಲ್ಲಿ ಮಿರ್ಚಿ ಕಟ್ಟುವ ಕಾಗದವಾಗಿದ್ದಾನೆ. ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದೆಂದು ಸುಳ್ಳು ಹೇಳುವುದಿಲ್ಲ.

“ಹೋದ್ರ ಹೋತ ಬಿಡೋ,” ಎಂದ ಮೌಲಾಸಾಬ. “ಕಥಿ ನನಗ ನೆನಪೈತಿ. ನಾ ಹೇಳ್ತೇನಿ, ನೀ ಬರಕೋ.”

“ಕಟ್ಟಳಿ ಅಧ್ಯಾಯಾನೂ ಹೇಳ್ತೀ?”

ಅದಕ್ಕೆ ಅವನು ಹಾರ್ನ್ ಬಾರಿಸಿದ.

ಕದರಮಂಡಲಗಿಯಲ್ಲಿ ಆಂಜನೇಯನ ಗುಡಿಯ ಹತ್ತಿರ ಬಸ್ಸು ಆಗಷ್ಟೇ ನಿಂತು ಜನರನ್ನು ಇಳಿಸುತ್ತಿತ್ತು. ಇಳಿಯುವವರ ನಡುವೆ ನುಸುಳಿ ಒಳಗೆ ಹೋದರೆ, ಮೂರನೇ ಕಿಟಕಿಯ ಸೀಟಿನಲ್ಲಿ ನನ್ನ ಚೀಲ ಒಂಟಿಯಾಗಿ, ಜಮೀನ್ದಾರನ ಗತ್ತಿನಲ್ಲಿ ಕೂತಿದೆ! ತೆಗೆದು ನೋಡಿದೆ, ಮೂರೂ ಇದ್ದವು. ಅಬ್ಬಾ, ಹೋದ ಜೀವ ಬಂತು. ಚೀಲವನ್ನು ಎದೆಗವಚಿಕೊಂಡು, ನಾಚಿಕೆಬಿಟ್ಟು ಅಲ್ಲೇ ನಕ್ಕೆ.

“ನಿಮ್ದೇನ್ರೀ ಚೀಲಾ?” ಹಿಂದಿನ ಸೀಟಿನ ಗೃಹಸ್ಥರು ಗದರಿದರು. “ಬಾಗಲದಾಗ ಜೋತ ಬಿದ್ದೀರಿ, ಈಗ ಬರ್ತೀರಿ ಆಗ ಬರ್ತೀರಿ ಅಂತ ಕಾದ್ವಿ. ಒಬ್ಬಾಂವ ಕುಂದ್ರಾಕ ಬಂದಿದ್ದ, ಎಲ್ಲಾರೂ ಕೂಡಿ ಬೈದು ಎಬ್ಬಿಸೇವಿ.”

ಹತ್ತುವಾಗ ನನ್ನ ಪಕ್ಕೆಲುಬು ಮುರಿಯಲು ನೋಡಿದ ಜನವೇ ಇವರು! ಬರೆದಿಟ್ಟ ಕಾನೂನಿಲ್ಲ, ಕೇಳುವ ಅಧಿಕಾರಿಯಿಲ್ಲ. ತಿರುಗಿ ನೋಡಿದೆ. ಮೌಲಾಸಾಬ ಬಾಗಿಲಲ್ಲಿ ನಿಂತು, ಒಪ್ಪಿದೆ ಎನ್ನುವಂತೆ ತಲೆಯಾಡಿಸುತ್ತಿದ್ದ. ನಲವತ್ತು ವರ್ಷದ ಸ್ನೇಹದಲ್ಲಿ ನಾನು ಕಂಡ ಅಪರೂಪದ ದೃಶ್ಯ ಅದು.

ಆಗಲೇ ನನ್ನ ಕಣ್ಣು ಸೀಟಿನ ಪಕ್ಕಕ್ಕೆ ಹೋಯಿತು. ಒಬ್ಬ ಮುದುಕಿ, ಕಾಲಡಿ ಮೆಣಸಿನಕಾಯಿಯ ಮೂಟೆ, ಒಂದು ಕೈಯಲ್ಲಿ ಕಂಬಿ. ರಾಣೇಬೆನ್ನೂರಿನಿಂದ ನಿಂತೇ ಬಂದಿದ್ದಳು.

“ನೀ ಅರ ಕುಂದ್ರಬಾರದಿತ್ತೇನಬೇ?” ಎಂದೆ.

“ಹೆಂಗ ಕುಂದ್ರಲೋ ಯಪ್ಪಾ, ಚೀಲಾ ಇತ್ತಲ್ಲ.”

ಹಿಗ್ಗು, ನಾಚಿಕೆ ಎರಡೂ ಒಟ್ಟಿಗೇ ಒತ್ತರಿಸಿ ಬಂದು, ಏನು ಮಾಡುವುದೆಂದು ತಿಳಿಯದೆ ಪಕ್ಕಕ್ಕೆ ಸರಿದು ಸೀಟು ತೋರಿಸಿದೆ. “ಈಗರ ಕುಂದ್ರಬೇ.”

“ಈಗ ಕುಂತು ಎಲ್ಲಿಗೆ ಹೋಗ್ಲಿ? ನಮ್ಮೂರು ಬಂತು,” ಎಂದು ಮುದುಕಿ ನಕ್ಕಳು. “ಈ ಮೂಟಿ ಒಂದ ಇಳಸಿ ಕೊಡು, ಸಾಕು.”

ಮೂಟೆಗೆ ಎರಡೂ ಕೈ ಬೇಕಿತ್ತು. ಚೀಲವನ್ನು ಸೀಟಿನ ಮೇಲಿಟ್ಟು, ಹಿಂದೆ ನೋಡದೆ ಅವಳ ಜೊತೆ ಇಳಿದೆ.