ಗಾಳಿ ಹಾಕುವ ಎಡಗೈ

ನನ್ನ ಪಿಯಾನೋ ಟೀಚರ್ ಬೆರಳುಗಳ ಗೆಣ್ಣುಗಳು ಹಸಿ ಶುಂಠಿಯಂತೆ ಊದಿಕೊಂಡಿದ್ದವು. ಹಲಸೂರಿನ ಹಳೆಯ ಮನೆಯಲ್ಲಿ ಪಿಯಾನೋದ ಪಕ್ಕ ಬೆತ್ತದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಸಂಧಿವಾತ ಬಂದ ಮೇಲೆ ನುಡಿಸುವುದನ್ನು ಬಿಟ್ಟು, ಚಪ್ಪಾಳೆ ತಟ್ಟಿಯೇ ಕಲಿಸುತ್ತಿದ್ದರು. ಆ ಚಪ್ಪಾಳೆಯೋ, ಹಲಗೆಗೆ ಹಲಗೆ ಬಡಿದ ಹಾಗೆ. ನೋವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ನೋವು ಇದ್ದೇ ಇರುತ್ತೆ ಮ್ಯಾನ್. ತಾಳ ತಪ್ಪಿದ್ರೆ ಇನ್ನೂ ಜಾಸ್ತಿ ನೋವು," ಎಂದರು.

ನಾನು ಅವರ ಬಳಿ ಹೋದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಹೊಸ ತಿಪ್ಪಸಂದ್ರದ ನಮ್ಮ ಭಜನೆ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆಂಬ ಜಂಬ ಬೇರೆ. ಮದುವೆ ನಿಶ್ಚಯವಾದ ದಿನವೇ ಮಗಳು ಕೇಳಿದ್ದಳು: "ಅಪ್ಪಾ, ಊರವರ ಮನೇಲೆಲ್ಲ ಭಜನೆಗೆ ನುಡಿಸ್ತೀಯ. ನನ್ನ ರಿಸೆಪ್ಷನ್‌ಗೆ ನನ್ನ ಹಾಡು ಒಂದು ನುಡಿಸ್ತೀಯಾ?" ಅವಳ ಹಾಡೆಂದರೆ ಶಾಲೆಯ ದಿನಗಳಿಂದ ಹಾಕಿಕೊಂಡು ಕುಣಿಯುತ್ತಿದ್ದ ಒಂದು ಇಂಗ್ಲಿಷ್ ರಾಕ್ ಹಾಡು. ಅದು ಶುರುವಾದರೆ ಸಾಕು, "ಸೌಂಡ್ ಕಮ್ಮಿ ಮಾಡೇ" ಎಂದು ನಾನು ಅರಚುತ್ತಿದ್ದೆ. ಅವಳು ಅದನ್ನು ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ. ಹೆಂಡತಿ ಮಾತ್ರ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನ್ರೀ? ಬೀಗರ ಮುಂದೆ ಮಾನ ಕಳೀಬೇಡಿ," ಎಂದಳು.

ಮೊದಲ ದಿನವೇ ಟೀಚರ್ ನನ್ನ ರೋಗ ಕಂಡುಹಿಡಿದರು. ಬಲಗೈ ಸಲೀಸಾಗಿ ಹಾಡು ಹಿಡಿಯಿತು. ಎಡಗೈ ಮಾತ್ರ ಸ್ವರದ ಮಣೆಗಳ ಮೇಲೆ ಕೂರಲೊಲ್ಲದು. ನನಗೇ ಗೊತ್ತಿಲ್ಲದೆ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡತೊಡಗಿತು. ಮೂವತ್ತು ವರ್ಷ ಹಾರ್ಮೋನಿಯಂ ತಿದಿ ಒತ್ತಿದ ಕೈ, ಇನ್ನೇನು ಮಾಡೀತು! ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತಮ್ಮ ತಮಿಳಲ್ಲೇ ದೇವರನ್ನು ಕರೆದರು. "ಅಯ್ಯೋ ಕಡವುಳೇ! ಪಿಯಾನೋಗೆ ಗಾಳಿ ಹಾಕ್ತೀಯಾ ಮ್ಯಾನ್?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ವಾರ ಎಡಗೈಯನ್ನು ಬೈದದ್ದೇ ಬಂತು. ಮೂರನೆಯ ವಾರ, "ನನ್ ಕೈಲಿ ಆಗಲ್ಲ ಟೀಚರ್, ಬಿಟ್ಬಿಡ್ತೀನಿ," ಎಂದು ಎದ್ದೆ. ಅವರು ನನ್ನನ್ನು ಮತ್ತೆ ಕೂರಿಸಿದರು. ಎಡಗೈಯ ಕಿರುಬೆರಳನ್ನು ಕೆಳಗಿನ ಒಂದು ಸ್ವರದ ಮೇಲೆ, ಹೆಬ್ಬೆರಳನ್ನು ಮೇಲಿನ ಸ್ಥಾಯಿಯ ಅದೇ ಸ್ವರದ ಮೇಲೆ ಇಟ್ಟರು. "ಈಗ ಗಾಳಿ ಹಾಕು. ನಿನ್ ಭಜನೇಲಿ ಹಾಕೋ ಹಾಗೇ. ನಿಲ್ಲಿಸ್ಬೇಡ." ಹಾಕಿದೆ. ಕೈ ಅತ್ತಿತ್ತ ತೂಗಿತು. ಕಿರುಬೆರಳು, ಹೆಬ್ಬೆರಳು, ಕಿರುಬೆರಳು, ಹೆಬ್ಬೆರಳು. ಮಗಳ ಕೋಣೆಯಿಂದ ಗೋಡೆ ದಾಟಿ ಬರುತ್ತಿದ್ದ ಆ ದುಡುದುಡು ಸದ್ದು ನನ್ನ ಕೈಯಿಂದಲೇ ಹೊರಟಿತು! ನಾನು ಮಕ್ಕಳ ಹಾಗೆ ನಕ್ಕುಬಿಟ್ಟೆ. ಆವತ್ತು ಟೀಚರ್ ಎರಡು ಸಲ ಕಾಫಿ ಕೊಟ್ಟರು.

ಉಳಿದದ್ದು ತಾಳ. ನಾಲ್ಕರ ಎಣಿಕೆಯಲ್ಲಿ ಭಜನೆಗೆ ನಾವು ಒಂದಕ್ಕೆ, ಮೂರಕ್ಕೆ ತಟ್ಟುತ್ತೇವೆ. ಈ ಹಾಡಿಗೆ ಎರಡಕ್ಕೆ, ನಾಲ್ಕಕ್ಕೆ ತಟ್ಟಬೇಕು. "ಒಂದು ದೇವರದ್ದು, ಬಿಟ್ಬಿಡು. ಎರಡು ನಮ್ದು," ಎನ್ನುತ್ತಿದ್ದರು ಟೀಚರ್. ಪ್ರಾಯದಲ್ಲಿ ಶನಿವಾರ ಕಂಟೋನ್ಮೆಂಟಿನ ಡಾನ್ಸ್‌ಗಳಿಗೆ, ಭಾನುವಾರ ಚರ್ಚಿಗೆ ನುಡಿಸಿದವರು ಅವರು.

ರಿಸೆಪ್ಷನ್ ದಿನ ನಾನು ಕೀಬೋರ್ಡ್ ಮುಂದೆ ಕೂತು ಶುರು ಮಾಡಿದ್ದೇ ತಡ, ನನ್ನ ಮಂಡಳಿಯವರು ಅಭಿಮಾನದಿಂದ ಚಪ್ಪಾಳೆ ಎತ್ತಿಕೊಂಡರು. ಒಂದಕ್ಕೆ, ಮೂರಕ್ಕೆ! ಇಡೀ ಹಾಲ್ ಅವರ ಹಿಂದೆ ಹೋಯಿತು. ಎಡಗೈ ತಡವರಿಸಿತು. ಮಗಳ ನಗು ಮುಖದಲ್ಲೇ ನಿಂತುಬಿಟ್ಟಿತ್ತು. ಆಗ ಮುಂದಿನ ಸಾಲಿನಿಂದ ಟಪ್ಪೆಂದು ಒಂದು ಏಟು. ಟೀಚರ್ ಎದ್ದು ನಿಂತಿದ್ದರು. ಎರಡಕ್ಕೆ ಟಪ್, ನಾಲ್ಕಕ್ಕೆ ಟಪ್, ಒಬ್ಬರೇ, ಇಡೀ ಹಾಲ್‌ಗೆ ಎದುರಾಗಿ. ನನ್ನ ಕೈ ಅದನ್ನೇ ಹಿಡಿದು ನಡೆಯಿತು. ಮಂಡಳಿಯವರು ಮುಖ ಮುಖ ನೋಡಿಕೊಂಡು, ಆಮೇಲೆ ಒಬ್ಬೊಬ್ಬರಾಗಿ ದಾರಿಗೆ ಬಂದರು. ಮಗಳು ಭಾರಿ ರೇಷ್ಮೆ ಸೀರೆಯಲ್ಲೇ ಕುಣಿದಳು. ನನ್ನ ಹೆಂಡತಿ ಮಾತ್ರ ಕೊನೆಯವರೆಗೂ ಒಂದಕ್ಕೇ ತಟ್ಟುತ್ತಿದ್ದಳು.

ಊಟಕ್ಕೆ ಕೂತಾಗ ಟೀಚರಿಗೆ ಚಮಚ ಹಿಡಿಯಲಾಗಲಿಲ್ಲ. ಮಗಳೇ ಪಕ್ಕ ಕೂತು ಪಾಯಸ ತಿನ್ನಿಸಿದಳು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಮಾಡಿ ಅವರ ಮನೆಗೆ ಬಂದ ಮೇಲೆ ಅವರ ತಂಗಿಯ ಮಗಳು ನನ್ನ ಬಳಿ ಬಂದು, "ಅಳೋ ಹಾಡು ಬೇಡ, ಹಾರ್ಮೋನಿಯಂ ಮ್ಯಾನ್ ಬಂದ್ರೆ ಆ ಹಾಡು ನುಡಿಸೋಕೆ ಹೇಳು ಅಂದಿದ್ರು ಅಂಕಲ್," ಎಂದಳು. ಪಿಯಾನೋ ಮುಂದೆ ಹೋಗಿ ಕೂತೆ. ಪಕ್ಕದಲ್ಲಿ ಬೆತ್ತದ ಕುರ್ಚಿ ಖಾಲಿಯಿತ್ತು. ಎಡಗೈ ಗಾಳಿ ಹಾಕತೊಡಗಿತು. ಸಾವಿನ ಮನೆಯಲ್ಲಿ ಚಪ್ಪಾಳೆ ಯಾರು ತಟ್ಟುತ್ತಾರೆ? ಎರಡು ಬಂತು, ನಾಲ್ಕು ಬಂತು, ಸದ್ದಿಲ್ಲ. ಆ ಸದ್ದಿಲ್ಲದ ಜಾಗ ಬಂದಾಗಲೆಲ್ಲ ನನಗೆ ದುಃಖ ಒತ್ತರಿಸಿ ಬರುತ್ತಿತ್ತು. ಮಣೆಗಳು ಕಾಣದಾದವು. ನಿಲ್ಲಿಸಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಬಳಿಯಿಂದ ಮೆಲ್ಲನೆ ಒಂದು ಚಪ್ಪಾಳೆ ಕೇಳಿಸಿತು. ನನ್ನ ಹೆಂಡತಿ, ಕಣ್ಣೊರೆಸಿಕೊಂಡ ಒದ್ದೆ ಕೈಯಲ್ಲೇ ತಟ್ಟುತ್ತಿದ್ದಳು, ಎರಡಕ್ಕೆ, ನಾಲ್ಕಕ್ಕೆ.